ಗುರುವಿಲ್ಲದೆ ನಿಸರ್ಗಚಿತ್ರ ಬರೆಯುವವರಿಗೆ ತಮ್ಮ ಕೊರತೆ ತಿಳಿಯುವುದು ಹೇಗೆ?

ಪ್ರಶ್ನೆ (ಮಂಡ್ಯದಿಂದ):
ನಾನು ಯಾವ ಕಲಾಶಾಲೆಯಲ್ಲಿಯೂ ಕಲಿತವನಲ್ಲ. ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಉದ್ಯೋಗ; ರಜೆಯ ದಿನಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಕುಳಿತು ಭತ್ತದ ಗದ್ದೆ, ಕಬ್ಬಿನ ಗದ್ದೆ, ಆಲೆಮನೆಗಳನ್ನು ಜಲವರ್ಣದಲ್ಲಿ ಚಿತ್ರಿಸುತ್ತ ಬಂದಿದ್ದೇನೆ. ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ, ಆದರೆ ಎಲ್ಲಿ ಸರಿಯಿಲ್ಲ ಎಂದು ಹೇಳಬಲ್ಲವರು ನನ್ನ ಸುತ್ತ ಇಲ್ಲ. ಒಂದೇ ಬಯಲನ್ನು ಮತ್ತೆ ಮತ್ತೆ ಬರೆಯುವುದೇಕೆ, ಮಲೆನಾಡಿಗೋ ಹಂಪಿಗೋ ಹೋಗಬಾರದೇ ಎಂದು ಕೇಳುವವರೂ ಇದ್ದಾರೆ. ಗುರುವಿಲ್ಲದವರು ತಮ್ಮ ಕೊರತೆಯನ್ನು ಕಂಡುಕೊಳ್ಳುವ ದಾರಿ ಯಾವುದು? ಒಂದೇ ಸ್ಥಳಕ್ಕೆ ಅಂಟಿಕೊಂಡರೆ ದೃಷ್ಟಿ ಕಿರಿದಾಗುತ್ತದೆಯೇ?

ಉತ್ತರ 1 (ಮೈಸೂರಿನಿಂದ):
ತಾನಾಗಿ ಕಲಿತವನೆಂದರೆ ಯಾರಿಂದಲೂ ಕಲಿಯದವನು ಎಂದು ದಯವಿಟ್ಟು ಭಾವಿಸಬೇಡಿ. ಡಚ್ ಕಲಾವಿದ ವ್ಯಾನ್ ಗೋ ಚಿತ್ರಕಾರನಾಗಲು ನಿಶ್ಚಯಿಸಿದ್ದು 1880ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ. ಆಗ ಅವನು ಫ್ರಾನ್ಸಿನ ಕಲಾವಿದ ಬಾರ್ಗ್ ರೂಪಿಸಿದ ರೇಖಾಭ್ಯಾಸದ ಹಾಳೆಗಳನ್ನೂ ಅದೇ ದೇಶದ ಚಿತ್ರಕಾರ ಮಿಲ್ಲೆಯ ರೈತಚಿತ್ರಗಳ ಮುದ್ರಿತ ಪ್ರತಿಗಳನ್ನೂ ಮುಂದಿಟ್ಟುಕೊಂಡು ನಕಲು ಮಾಡುತ್ತ ಕೈ ಪಳಗಿಸಿಕೊಂಡ. 1886ರಲ್ಲಿ ಆಂಟ್ವರ್ಪ್‌ನ ಕಲಾ ಅಕಾಡೆಮಿ ಸೇರಿದರೂ ಅಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ನನಗೆ ಅತ್ಯಂತ ಮುಖ್ಯವೆನಿಸುವುದು ಬೇರೆಯೇ ಸಂಗತಿ: ತನ್ನದೇ ಶೈಲಿ ಸಿದ್ಧಿಸಿದ ಮೇಲೆಯೂ, 1889ರಲ್ಲಿ, ಅವನು ಅದೇ ಮಿಲ್ಲೆಯ ಚಿತ್ರಗಳಿಗೆ ಮರಳಿ ಅವುಗಳನ್ನು ತನ್ನ ಬಣ್ಣಗಳಲ್ಲಿ ಬರೆದ.

ಆದ್ದರಿಂದ ನಿಮಗೆ ಬೇಕಾದ ಗುರುಗಳು ಗೋಡೆಗಳ ಮೇಲಿದ್ದಾರೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಸಂಗ್ರಹಾಲಯದಲ್ಲಿರುವ, ರಷ್ಯಾದ ಚಿತ್ರಕಾರ ರೋರಿಕ್‌ನ ಹಿಮಾಲಯದ ಚಿತ್ರಗಳ ಮುಂದೆ ನಿಂತು, ದೂರದ ಬೆಟ್ಟವನ್ನು ಅವನು ಎಷ್ಟು ಕಡಿಮೆ ವಿವರಗಳಲ್ಲಿ ನಿಲ್ಲಿಸಿದ್ದಾನೆಂದು ಗಮನಿಸಿ. ಕೆ. ವೆಂಕಟಪ್ಪನವರು ಜಲವರ್ಣದಲ್ಲಿ ಬರೆದ ಊಟಿಯ ದೃಶ್ಯಗಳನ್ನಂತೂ ಮೂಲದಲ್ಲಿಯೇ ನೋಡಬೇಕು. ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತವರು, ಆದರೆ ಮಂಜಿನ ಮೇಲೆ ಬೀಳುವ ಬೆಳಕನ್ನು ಅವರಿಗೆ ಕಲಿಸಿದ್ದು ನೀಲಗಿರಿಯೇ ಎಂದು ನಾನು ನಂಬುತ್ತೇನೆ.

ಉತ್ತರ 2 (ಪಾಂಡವಪುರದಿಂದ):
ಒಂದೇ ಬಯಲು ಎಂಬುದೇ ಇಲ್ಲ. ಒಟ್ಟಲಿನ (ಸಸಿಮಡಿಯ) ಪೈರಿನ ಹಸಿರು ನಾಟಿಯಾದ ಗದ್ದೆಯಲ್ಲಿರುವುದಿಲ್ಲ, ತೆನೆ ಬಾಗುವ ಹೊತ್ತಿಗೆ ಅದು ಪೂರ್ತಿ ಬದಲಾಗಿರುತ್ತದೆ, ಪಕ್ಕದ ಕಬ್ಬಿನದು ನೀಲಿಗೆ ವಾಲುವ ಇನ್ನೊಂದು ಹಸಿರು. ಟ್ಯೂಬಿನ ಹಸಿರನ್ನು ಹಾಗೆಯೇ ಬಳಿದರೆ ಇವೆಲ್ಲವೂ ಒಂದಾಗಿಬಿಡುತ್ತವೆ. ಅಲ್ಟ್ರಾಮರೀನ್ ನೀಲಿಯನ್ನು ನಿಂಬೆ ಹಳದಿಯೊಂದಿಗೆ ಬೆರೆಸಿ, ಬೇಕಾದಲ್ಲಿ ತುಸು ಬರ್ನ್ಟ್ ಸಿಯೆನ್ನಾ (ಕೆಂಗಂದು ಬಣ್ಣ) ಸೇರಿಸಿ ನೋಡಿ. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ. ಹಾಳೆಯ ಮೇಲೆ ನೇರ ಬಿಸಿಲು ಬೀಳುವಂತೆ ಕುಳಿತರೆ ಹೊಳಪು ಕಣ್ಣಿನ ಅಂದಾಜನ್ನು ತಪ್ಪಿಸಿ, ಮನೆಗೆ ತಂದಾಗ ಚಿತ್ರ ಕಪ್ಪಾಗಿ ಕಾಣುತ್ತದೆ. ಮರದ ನೆರಳಿನಲ್ಲಿ ಕುಳಿತು, ನೆರಳುಗಳ ಆಕಾರವನ್ನು ಮೊದಲು ಗುರುತಿಸಿಕೊಳ್ಳಿ, ಏಕೆಂದರೆ ಅವು ನಿಮಗಾಗಿ ಕಾಯುವುದಿಲ್ಲ.

ಉತ್ತರ 3 (ಮೈಸೂರಿನಿಂದ):
ನಾನು ಕಲಾಶಾಲೆಯಲ್ಲಿ ಓದಿದವಳು, ಮೇಲಿನವರ ಮಾತಿಗೆ ಒಂದು ಆಕ್ಷೇಪವಿದೆ. ಕೊರತೆ ತಿಳಿಯಬೇಕಾದರೆ ಎದುರಿಗೆ ನಿಂತು ಹೇಳುವ ಇನ್ನೊಬ್ಬ ಮನುಷ್ಯನೂ ಬೇಕು; ಗೋಡೆಯ ಮೇಲಿನ ಚಿತ್ರ ನಿಮ್ಮ ಚಿತ್ರವನ್ನು ನೋಡುವುದಿಲ್ಲ. ಜೊತೆಗೆ, ನೀವು ಕೊಟ್ಟ ಪಟ್ಟಿಯಲ್ಲಿ ಗದ್ದೆಯಿದೆ, ಆಲೆಮನೆಯಿದೆ, ಮನುಷ್ಯರಿಲ್ಲ. ಮಂಡ್ಯದ ಬಯಲು ತಾನಾಗಿ ಹಸಿರಾದದ್ದಲ್ಲ. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮುಗಿದು, ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇದೇ ನಾಲೆಯಲ್ಲಿ ನೀರು ಹರಿದ ಮೇಲೆ ಮಳೆಯನ್ನೇ ನಂಬಿದ್ದ ಎಷ್ಟೋ ಹೊಲಗಳು ಗದ್ದೆಗಳಾದವು. ದುಡಿದ ಕೈಗಳು ರೂಪಿಸಿದ ನೆಲವನ್ನು ಬರೆಯುವವರು ನಾಟಿ ಹಾಕುವವರ ಬಾಗಿದ ಬೆನ್ನನ್ನು ಬರೆಯಲು ಕಲಿಯಲೇಬೇಕು, ಅದಕ್ಕೆ ಆಕೃತಿ ರೇಖಾಭ್ಯಾಸ (ಮನುಷ್ಯದೇಹವನ್ನು ನೋಡಿ ಗೆರೆಗಳಲ್ಲಿ ಬರೆಯುವ ಅಭ್ಯಾಸ) ಬಿಟ್ಟರೆ ಬೇರೆ ದಾರಿಯಿಲ್ಲ. ಊರು ಬದಲಿಸುವ ಅಗತ್ಯ ನನಗೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ದೂರದಿಂದ ಚುಕ್ಕೆಗಳಂತೆ ಕಾಣುತ್ತಾರೆಂಬ ಕಾರಣಕ್ಕೆ ಜನರನ್ನು ನಾನು ಈವರೆಗೆ ಬಿಟ್ಟೇ ಬರೆಯುತ್ತಿದ್ದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು, ಕೆಲವು ದಿನ ನಿಲ್ಲಿಸಿ) ನೀರು ಬಿಡುವ ದಿನಗಳು ನನಗೆ ತಿಳಿದಿರುವುದರಿಂದ ಯಾವ ಗದ್ದೆಯಲ್ಲಿ ಯಾವಾಗ ನಾಟಿ ನಡೆಯುತ್ತದೆಂದು ಊಹಿಸಬಲ್ಲೆ. ಈ ಸಲ ಬಣ್ಣದ ಪೆಟ್ಟಿಗೆಯನ್ನು ಮನೆಯಲ್ಲಿಯೇ ಬಿಟ್ಟು, ಪೆನ್ಸಿಲ್ ಮಾತ್ರ ಹಿಡಿದು, ಏರಿಯಿಂದ ಇಳಿದು ಬದುವಿನ ಮೇಲೆಯೇ ಕೂರುತ್ತೇನೆ. ಉದ್ಯೋಗದಲ್ಲಿರುವವರಿಗೆ ಭಾನುವಾರಗಳಂದು ಆಕೃತಿ ರೇಖಾಭ್ಯಾಸ ಹೇಳಿಕೊಡುವವರು ಮೈಸೂರಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ.