ಹ್ಯಾಗ್ಲರ್ ಹೆದರಿ ಓಡಿದರೇ? ನಮ್ಮ ಮನೆಯ ಗುಂಪಿನಲ್ಲಿ ನಡೆದ ವಾದ

ಬಂಗಾರಪೇಟೆ ಚಿಕ್ಕಪ್ಪ:
[ಫಾರ್ವರ್ಡ್ ಆದ ವಿಡಿಯೊ] "ಲೆನಾರ್ಡ್ ಎದುರು ಸೋತ ಮಾರ್ವಿನ್ ಹ್ಯಾಗ್ಲರ್ ಹೆದರಿ ಬಾಕ್ಸಿಂಗ್ ಬಿಟ್ಟು ಇಟಲಿಗೆ ಓಡಿಹೋದ. ಸೋಲನ್ನು ತಾಳಿಕೊಳ್ಳಲಾಗದವನು ದೊಡ್ಡ ಆಟಗಾರನಲ್ಲ." ಮನೆಯ ಮಕ್ಕಳೆಲ್ಲರೂ ತಪ್ಪದೆ ನೋಡಬೇಕು.

ನಾನು:
ಚಿಕ್ಕಪ್ಪ, ವಿಡಿಯೊ ನಿಜವಾದದ್ದೇ. ಅದು ಅಮೆರಿಕದ ಬಾಕ್ಸರ್‌ಗಳಾದ ಹ್ಯಾಗ್ಲರ್ ಮತ್ತು ಶುಗರ್ ರೇ ಲೆನಾರ್ಡ್ ನಡುವೆ 1987ರ ಏಪ್ರಿಲ್ 6ರಂದು ಲಾಸ್ ವೇಗಾಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ನಡೆದ ಪಂದ್ಯ. ಆದರೆ ಅದರ ಜೊತೆಗಿರುವ ಎರಡು ಸಾಲುಗಳನ್ನು ದಯವಿಟ್ಟು ತೆಗೆದುಬಿಡಿ. 67 ವೃತ್ತಿಪರ ಪಂದ್ಯಗಳನ್ನಾಡಿ 62ರಲ್ಲಿ ಗೆದ್ದು, ಅವುಗಳಲ್ಲಿ 52ನ್ನು ನಾಕೌಟ್‌ನಿಂದಲೇ ಮುಗಿಸಿ, ಸುಮಾರು ಏಳು ವರ್ಷ ಮಿಡಲ್‌ವೇಟ್ ಪಟ್ಟವನ್ನು ಉಳಿಸಿಕೊಂಡ ಮನುಷ್ಯನನ್ನು ಹೆದರಿ ಓಡಿದವನೆಂದು ಮಕ್ಕಳಿಗೆ ಹೇಳಿಕೊಡುವುದು ನ್ಯಾಯವಲ್ಲ.

ಮಾಲೂರು ಭಾವ:
ಅಂಕಿಸಂಖ್ಯೆಗಳು ಸರಿಯಿರಬಹುದು, ಆದರೆ ಸೋತದ್ದು ಸೋತದ್ದೇ ಅಲ್ಲವೇ? ಲೆನಾರ್ಡ್ ಅವರ ಸ್ಥಿತಿಯನ್ನೂ ನೀನು ನೋಡಬೇಕು. 1982ರಲ್ಲಿ ಅವರ ಕಣ್ಣಿನ ರೆಟಿನಾಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಅಲ್ಲಿಂದ 1987ರವರೆಗೆ ಅವರು ಆಡಿದ್ದು ಒಂದೇ ಒಂದು ಪಂದ್ಯ. ಹೆಸರು ಮಾಡಿದ್ದು ಕಡಿಮೆ ತೂಕದವರ ವೆಲ್ಟರ್‌ವೇಟ್ ವಿಭಾಗದಲ್ಲಿ, ಎದುರಿಸಲು ಬಂದದ್ದು ಅದಕ್ಕಿಂತ ಹೆಚ್ಚು ತೂಕದ ಮಿಡಲ್‌ವೇಟ್ ಚಾಂಪಿಯನ್ನರನ್ನು. ಹಾಗಿದ್ದೂ ಪ್ರತಿ ರೌಂಡಿನ ಕೊನೆಯ ಅರ್ಧ ನಿಮಿಷದಲ್ಲಿ ಪಂಚುಗಳ ಸುರಿಮಳೆಗರೆದು ಜಡ್ಜುಗಳ ಕಣ್ಣನ್ನು ತಮ್ಮತ್ತ ಸೆಳೆದುಕೊಂಡರು. ಹ್ಯಾಗ್ಲರ್ ಎಡಚರ ನಿಲುವಿನಲ್ಲಿ ಆಡಿ ಹೆಸರಾದವರು, ಅಂದು ಮೊದಲ ರೌಂಡುಗಳಲ್ಲಿ ಬಲಗೈಯವರ ನಿಲುವಿನಲ್ಲಿ ನಿಂತು ಅವನ್ನು ಕೈಯಾರೆ ಬಿಟ್ಟುಕೊಟ್ಟರು. ಆ ತಪ್ಪಿಗೆ ಹೊಣೆ ಯಾರು?

ನಾನು:
ಹೊಣೆ ಹ್ಯಾಗ್ಲರ್ ಅವರದೇ, ಭಾವ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ತೀರ್ಪು ಹೇಗೆ ಬಂತೆಂಬುದನ್ನೂ ನೋಡಿ. ಸಾಮಾನ್ಯವಾಗಿ ಪ್ರತಿ ರೌಂಡಿನಲ್ಲಿ ಗೆದ್ದವರಿಗೆ 10 ಅಂಕ, ಸೋತವರಿಗೆ 9 ಅಂಕ. ಒಬ್ಬ ಜಡ್ಜ್ 115-113ರಂತೆ ಹ್ಯಾಗ್ಲರ್ ಗೆದ್ದರೆಂದರು, ಇನ್ನೊಬ್ಬರು ಅದೇ 115-113ರಂತೆ ಲೆನಾರ್ಡ್ ಗೆದ್ದರೆಂದರು, ಮೂರನೆಯವರು 118-110 ಎಂದು ಲೆನಾರ್ಡ್‌ಗೆ ಕೊಟ್ಟರು. ಒಂದೇ ಪಂದ್ಯವನ್ನು ರಿಂಗಿನ ಪಕ್ಕದಲ್ಲೇ ಕುಳಿತು ನೋಡಿದವರಲ್ಲಿ ಒಬ್ಬರಿಗೆ ಹ್ಯಾಗ್ಲರ್ ಏಳು ರೌಂಡು ಗೆದ್ದಂತೆ ಕಂಡಿತು, ಮತ್ತೊಬ್ಬರಿಗೆ ಎರಡೇ ರೌಂಡು ಗೆದ್ದಂತೆ ಕಂಡಿತು. ಎರಡನೆಯ ಜಡ್ಜ್ ಒಂದೇ ಒಂದು ರೌಂಡನ್ನು ಹ್ಯಾಗ್ಲರ್ ಕಡೆಗೆ ಬರೆದಿದ್ದರೆ ಅವರ ಲೆಕ್ಕ 114-114 ಆಗುತ್ತಿತ್ತು, ಪಂದ್ಯ ಡ್ರಾ ಆಗುತ್ತಿತ್ತು, ಡ್ರಾ ಆದರೆ ಪಟ್ಟ ಹಳೆಯ ಚಾಂಪಿಯನ್ನರ ಬಳಿಯೇ ಉಳಿಯುತ್ತಿತ್ತು. ಹೀಗೆ ಕೂದಲೆಳೆಯಲ್ಲಿ ನಿಂತ ಫಲಿತಾಂಶವನ್ನು ಹಿಡಿದುಕೊಂಡು ಒಬ್ಬರ ಇಡೀ ಬಾಳನ್ನು ಅಳೆಯಬಾರದು ಎಂಬುದಷ್ಟೇ ನನ್ನ ಮಾತು.

ಬಂಗಾರಪೇಟೆ ಚಿಕ್ಕಪ್ಪ:
ತೀರ್ಪಿನಲ್ಲಿ ಅನ್ಯಾಯವಾಗಿದ್ದರೆ ಮತ್ತೆ ಆಡಿ ಗೆದ್ದು ತೋರಿಸಬೇಕಿತ್ತು. ಬಿಟ್ಟುಹೋದದ್ದು ಏಕೆ?

ನಾನು:
ಅವರು ಬಿಟ್ಟುಹೋಗಲಿಲ್ಲ, ಕಾದರು. ಪಂದ್ಯ ಮುಗಿದ ಮರುತಿಂಗಳೇ ನಿವೃತ್ತಿ ಘೋಷಿಸಿದವರು ಲೆನಾರ್ಡ್. ಹ್ಯಾಗ್ಲರ್ ಒಂದು ವರ್ಷಕ್ಕೂ ಹೆಚ್ಚು ಕಾಲ ಮರುಪಂದ್ಯದ ದಾರಿ ನೋಡಿ, ಅದು ಕೂಡಿಬರುವುದಿಲ್ಲವೆಂದು ಖಚಿತವಾದ ಮೇಲೆ 1988ರ ಜೂನ್‌ನಲ್ಲಿ ನಿವೃತ್ತರಾದರು. ಅದೇ ವರ್ಷದ ನವೆಂಬರ್‌ನಲ್ಲಿ ಲೆನಾರ್ಡ್ ಮತ್ತೆ ರಿಂಗಿಗೆ ಬಂದರು. ಆಮೇಲೆ ಮರುಪಂದ್ಯದ ಮಾತು ಎದ್ದಾಗ ಹ್ಯಾಗ್ಲರ್ ಒಪ್ಪಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವರು ಇಟಲಿಯ ಮಿಲಾನ್‌ನಲ್ಲಿ ನೆಲೆಸಿ ಸಿನಿಮಾಗಳಲ್ಲಿ ನಟಿಸುತ್ತಿದ್ದರು. ಇದರಲ್ಲಿ ಹೆದರಿಕೆ ಎಲ್ಲಿದೆ, ಚಿಕ್ಕಪ್ಪ?

ಕೆಜಿಎಫ್ ದೊಡ್ಡಪ್ಪ:
ಈ ವಿಚಾರದಲ್ಲಿ ನನ್ನದೂ ಒಂದು ಮಾತಿದೆ. ಗಣಿ ನಡೆಯುತ್ತಿದ್ದ ಕಾಲದಲ್ಲಿ ನಮ್ಮ ಕೆಜಿಎಫ್‌ನಲ್ಲಿ ಬಾಕ್ಸಿಂಗ್ ಎಂದರೆ ಜನ ಶಿಫ್ಟ್ ಮುಗಿಸಿ ನೇರವಾಗಿ ಬಂದು ನಿಂತು ನೋಡುತ್ತಿದ್ದರು. ಅಲ್ಲಿ ಎಡಚನೊಬ್ಬ ರಿಂಗಿಗೆ ಇಳಿದನೆಂದರೆ ಎದುರಾಳಿಯ ಮುಖವೇ ಸಪ್ಪಗಾಗುತ್ತಿತ್ತು. ಪಂಚು ಬರುವ ದಿಕ್ಕೇ ಬೇರೆ, ಕಾಲಿಗೆ ಕಾಲು ಅಡ್ಡ ಬರುತ್ತದೆ, ಅಭ್ಯಾಸ ಮಾಡಿಬಂದ ಪಾಠವೆಲ್ಲ ತಲೆಕೆಳಗಾಗುತ್ತದೆ. ಎಡಚನನ್ನು ಸೋಲಿಸಿದರೆ ಹೆಚ್ಚಿನ ಕೀರ್ತಿಯಿಲ್ಲ, ಸೋತರೆ ಮಾತ್ರ ಅವಮಾನ ಖಂಡಿತ. ಹ್ಯಾಗ್ಲರ್‌ಗೆ ಪಟ್ಟದ ಪಂದ್ಯ ಸಿಗಲು ಅಷ್ಟು ವರ್ಷ ಹಿಡಿದದ್ದಕ್ಕೆ ಇದೂ ಒಂದು ಕಾರಣವಲ್ಲವೇ?

ನಾನು:
ನೀವು ಹೇಳಿದ್ದು ಅಕ್ಷರಶಃ ನಿಜ, ದೊಡ್ಡಪ್ಪ. ಹೆವಿವೇಟ್ ಚಾಂಪಿಯನ್ ಆಗಿದ್ದ ಜೋ ಫ್ರೇಜಿಯರ್ ಅವರು ಹ್ಯಾಗ್ಲರ್‌ಗೆ ಇದನ್ನೇ ಹೇಳಿದ್ದರಂತೆ: ನೀನು ಕಪ್ಪು ಮನುಷ್ಯ, ಎಡಚ, ಸಾಲದ್ದಕ್ಕೆ ಚೆನ್ನಾಗಿ ಆಡುತ್ತೀಯ, ಈ ಮೂರೂ ನಿನಗೆ ಅಡ್ಡಿ ಎಂದು.

ಅವರ ವೃತ್ತಿಯ ಮೊದಲ ಭಾಗವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅದೇ ನನಗೆ ಬೇಸರ. ಹುಟ್ಟಿದ್ದು 1954ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್ ನಗರದಲ್ಲಿ. 1967ರಲ್ಲಿ ಅಲ್ಲಿ ದೊಡ್ಡ ಗಲಭೆಯಾದ ನಂತರ ತಾಯಿ ಮಕ್ಕಳನ್ನು ಕಟ್ಟಿಕೊಂಡು ಮ್ಯಾಸಚೂಸೆಟ್ಸ್ ರಾಜ್ಯದ ಬ್ರಾಕ್ಟನ್ ಊರಿಗೆ ಬಂದರು. ಅಲ್ಲಿ ಪೆಟ್ರೊನೆಲ್ಲಿ ಸಹೋದರರು ಒಂದು ಜಿಮ್ ನಡೆಸುತ್ತಿದ್ದರು, ಜೊತೆಗೆ ಕಟ್ಟಡ ಕಟ್ಟಿಸುವ ಕೆಲಸವೂ ಅವರಿಗಿತ್ತು. ಹ್ಯಾಗ್ಲರ್ ಅವರಲ್ಲೇ ಕೂಲಿ ಮಾಡುತ್ತ, ಅವರಲ್ಲೇ ಬಾಕ್ಸಿಂಗ್ ಕಲಿತು 1973ರಲ್ಲಿ ವೃತ್ತಿಪರರಾದರು. 1976ರ ಆರಂಭದಲ್ಲಿ ಫಿಲಡೆಲ್ಫಿಯಾದಲ್ಲಿ ಎರಡು ತಿಂಗಳ ಅಂತರದಲ್ಲಿ ಬಾಬಿ ವಾಟ್ಸ್ ಮತ್ತು ವಿಲ್ಲಿ ಮನ್ರೋ ಅವರ ಎದುರು ಸೋತರು. ಸೋಲನ್ನು ತಾಳಿಕೊಳ್ಳಲಾಗದವನೆಂದು ಆ ಸಂದೇಶ ಹೇಳುತ್ತದಲ್ಲ, ಅದಕ್ಕೆ ಉತ್ತರ ಇಲ್ಲಿದೆ: ಮನ್ರೋ ಅವರನ್ನು ಮರುವರ್ಷವೇ ಎರಡು ಬಾರಿ ಸೋಲಿಸಿದರು, ವಾಟ್ಸ್ ಅವರನ್ನು 1980ರಲ್ಲಿ ಎರಡೇ ರೌಂಡಿನಲ್ಲಿ ಮುಗಿಸಿದರು. 1979ರ ನವೆಂಬರ್‌ನಲ್ಲಿ, ಸುಮಾರು ಐವತ್ತು ಪಂದ್ಯಗಳಾದ ಮೇಲೆ, ಮೊದಲ ಬಾರಿಗೆ ವಿಶ್ವ ಪಟ್ಟಕ್ಕಾಗಿ ವಿಟೊ ಆಂಟುವೊಫೆರ್ಮೊ ಎದುರು ಹದಿನೈದು ರೌಂಡು ಆಡಿದರು. ಅದು ಡ್ರಾ ಆಯಿತು, ಪಟ್ಟ ಆಂಟುವೊಫೆರ್ಮೊ ಅವರಲ್ಲೇ ಉಳಿಯಿತು. ಅಂದು ಅವರು ಬಿಟ್ಟುಹೋಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಬಿಡಲಿಲ್ಲ.

ಹತ್ತು ತಿಂಗಳ ನಂತರ, ಅಷ್ಟರಲ್ಲಿ ಆಂಟುವೊಫೆರ್ಮೊ ಅವರಿಂದ ಪಟ್ಟ ಗೆದ್ದುಕೊಂಡಿದ್ದ ಬ್ರಿಟನ್ನಿನ ಅಲನ್ ಮಿಂಟರ್ ಅವರನ್ನು ಲಂಡನ್ನಿನ ವೆಂಬ್ಲಿಯಲ್ಲಿ ಎದುರಿಸಿದರು. ಮೂರನೆಯ ರೌಂಡಿನ ಹೊತ್ತಿಗೆ ಮಿಂಟರ್ ಅವರ ಮುಖದ ತುಂಬ ಗಾಯಗಳಾಗಿ ರೆಫರಿ ಪಂದ್ಯ ನಿಲ್ಲಿಸಿದರು. ತಕ್ಷಣ ಪ್ರೇಕ್ಷಕರು ರಿಂಗಿನೊಳಕ್ಕೆ ಬಿಯರ್ ಬಾಟಲಿಗಳನ್ನೂ ಡಬ್ಬಗಳನ್ನೂ ಎಸೆಯತೊಡಗಿದರು. ಆಗಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಮನುಷ್ಯ ರಿಂಗಿನ ನೆಲದ ಮೇಲೆ ಮುದುಡಿ ಕುಳಿತಿದ್ದಾರೆ, ಅವರ ಕಡೆಯವರು ತಮ್ಮ ಮೈಯನ್ನೇ ಅಡ್ಡ ಇಟ್ಟು ಕಾಯುತ್ತಿದ್ದಾರೆ. ಕೊನೆಗೆ ಪೊಲೀಸರ ಕಾವಲಿನಲ್ಲಿ ಒಳಗೆ ಕರೆದೊಯ್ಯಬೇಕಾಯಿತು. ಏಳು ವರ್ಷ ದುಡಿದು ಗಳಿಸಿದ ಬೆಲ್ಟನ್ನು ಅವರು ಆ ರಿಂಗಿನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳಲೂ ಆಗಲಿಲ್ಲ.

ಮುಳಬಾಗಿಲು ಅತ್ತೆ:
ಇಷ್ಟೆಲ್ಲ ರಕ್ತ, ಗಾಯ, ಬಾಟಲಿ ಏಟು. ಇದನ್ನು ಮಕ್ಕಳಿರುವ ಗುಂಪಿನಲ್ಲಿ ದೊಡ್ಡದಾಗಿ ಹೇಳುವ ಅಗತ್ಯವೇನಿದೆ ಎಂದು ನನಗೆ ಅರ್ಥವಾಗುವುದಿಲ್ಲ. ತಲೆಗೆ ಏಟು ತಿನ್ನುವುದೇ ಒಂದು ವೃತ್ತಿಯೇ?

ನಾನು:
ಅತ್ತೆ, ನಿಮ್ಮ ಆತಂಕ ಸರಿಯಾದದ್ದು. 1982ರಲ್ಲಿ ಇದೇ ಸೀಸರ್ಸ್ ಪ್ಯಾಲೇಸ್‌ನಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ ಎಂಬ ಯುವಕ ಹದಿನಾಲ್ಕನೆಯ ರೌಂಡಿನಲ್ಲಿ ಬಿದ್ದು ಕೆಲವೇ ದಿನಗಳಲ್ಲಿ ತೀರಿಕೊಂಡರು. ಪಟ್ಟದ ಪಂದ್ಯಗಳು ಹದಿನೈದು ರೌಂಡಿನಿಂದ ಹನ್ನೆರಡಕ್ಕೆ ಇಳಿಯತೊಡಗಿದ್ದು ಆ ಸಾವಿನ ನಂತರವೇ. ಆದ್ದರಿಂದಲೇ ಹ್ಯಾಗ್ಲರ್ ತಾವಾಗಿ ನಿಲ್ಲಿಸಿದ್ದನ್ನು ನಾನು ಇಷ್ಟು ಒತ್ತಿ ಹೇಳುತ್ತಿರುವುದು. ಆ ಕಾಲದಲ್ಲಿ ನಾಲ್ವರ ಹೆಸರನ್ನು ಒಟ್ಟಿಗೆ ಹೇಳುತ್ತಿದ್ದರು: ಲೆನಾರ್ಡ್, ಡುರಾನ್, ಹರ್ನ್ಸ್, ಹ್ಯಾಗ್ಲರ್. ಲೆನಾರ್ಡ್ ಮತ್ತೆ ಮತ್ತೆ ಮರಳಿ ಬಂದು, 1997ರಲ್ಲಿ ನಲವತ್ತು ದಾಟಿದ ಮೇಲೆ ಹೆಕ್ಟರ್ ಕಮಾಚೊ ಕೈಯಲ್ಲಿ ಸೋತರು. ಡುರಾನ್ ಐವತ್ತರವರೆಗೆ ಆಡಿದರು. ಹರ್ನ್ಸ್ 2006ರವರೆಗೂ ರಿಂಗಿಗೆ ಇಳಿಯುತ್ತಿದ್ದರು. ಒಮ್ಮೆ ಬಿಟ್ಟವರು ಮತ್ತೆ ಬಾರದಿದ್ದದ್ದು ಹ್ಯಾಗ್ಲರ್ ಒಬ್ಬರೇ. ಕೋಟಿಗಟ್ಟಲೆ ಹಣವೂ ಹೊಗಳುವ ಜನವೂ ಕರೆಯುತ್ತಿರುವಾಗ ಸಾಕು ಎನ್ನಲು ಎಂತಹ ಗಟ್ಟಿ ಮನಸ್ಸು ಬೇಕು!

ಮಾಲೂರು ಭಾವ:
ಆ ಮಾತನ್ನು ಒಪ್ಪುತ್ತೇನೆ. ಆದರೆ ಹದಿನೈದರ ಬದಲು ಹನ್ನೆರಡು ರೌಂಡು, ಓಡಾಡಲು ದೊಡ್ಡ ರಿಂಗು, ಏಟು ಮೆತ್ತಗಾಗಿಸುವ ಹತ್ತು ಔನ್ಸಿನ ಗ್ಲೌಸು ಎಂದು ಲೆನಾರ್ಡ್ ಕೇಳಿದ್ದಕ್ಕೆಲ್ಲ ಹ್ಯಾಗ್ಲರ್ ಏಕೆ ಒಪ್ಪಿದರು? ಹಣದಲ್ಲಿ ದೊಡ್ಡ ಪಾಲು ತಮಗೆ ಬರಲೆಂದೇ ಅಲ್ಲವೇ? ವ್ಯಾಪಾರದಲ್ಲಿ ಬಿಟ್ಟುಕೊಟ್ಟದ್ದನ್ನು ಆಮೇಲೆ ಅನ್ಯಾಯ ಎನ್ನುವಂತಿಲ್ಲ.

ನಾನು:
ಅದನ್ನು ನಾನು ಅನ್ಯಾಯ ಎನ್ನುತ್ತಿಲ್ಲ, ಭಾವ. ಹ್ಯಾಗ್ಲರ್‌ಗೆ 1.2 ಕೋಟಿ ಡಾಲರ್, ಲೆನಾರ್ಡ್‌ಗೆ 1.1 ಕೋಟಿ ಡಾಲರ್ ಎಂದು ಮೊದಲೇ ಗೊತ್ತಾಗಿತ್ತು. ಕೊಟ್ಟದ್ದನ್ನು ತಿಳಿದೇ ಕೊಟ್ಟರು. ಹದಿಮೂರರಿಂದ ಹದಿನೈದರವರೆಗಿನ ರೌಂಡುಗಳೂ ಇದ್ದಿದ್ದರೆ ಹ್ಯಾಗ್ಲರ್ ಗೆಲ್ಲುತ್ತಿದ್ದರು ಎಂಬುದು ನನ್ನ ನಂಬಿಕೆ, ಆದರೆ ನಂಬಿಕೆಯನ್ನು ಸಾಕ್ಷಿಯಾಗಿ ಮುಂದಿಡುವುದಿಲ್ಲ.

ಕೆಜಿಎಫ್ ದೊಡ್ಡಪ್ಪ:
ಲೆನಾರ್ಡ್ ಪಂದ್ಯವನ್ನೇ ಎಲ್ಲರೂ ಹಿಡಿದು ಎಳೆದಾಡುತ್ತಿದ್ದೀರಿ. ಹರ್ನ್ಸ್ ಜೊತೆಗಿನ ಪಂದ್ಯದ ವಿಷಯ ಹೇಳು. ಮಕ್ಕಳು ನೋಡಬೇಕಾದದ್ದು ಅದು.

ನಾನು:
1985ರ ಏಪ್ರಿಲ್ 15. ಅಂದು ನಡೆದದ್ದು ಎಂಟು ನಿಮಿಷದಷ್ಟು ಆಟ ಮಾತ್ರ. ಮೊದಲ ರೌಂಡಿನಲ್ಲೇ ಇಬ್ಬರೂ ಹಿಂದೆ ಸರಿಯದೆ ಹೊಡೆದಾಡಿದರು. ಹರ್ನ್ಸ್ ಅವರ ಬಲಗೈ ಮೂಳೆ ಮುರಿಯಿತು, ಹ್ಯಾಗ್ಲರ್ ಅವರ ಹಣೆ ಸೀಳಿತು. ಮೂರನೆಯ ರೌಂಡಿನಲ್ಲಿ ರಕ್ತ ಮುಖದ ತುಂಬ ಇಳಿಯುತ್ತಿದ್ದಾಗ ರೆಫರಿ ರಿಚರ್ಡ್ ಸ್ಟೀಲ್ ಆಟ ತಡೆದು ವೈದ್ಯರಿಗೆ ತೋರಿಸಿದರು. ವೈದ್ಯರು ಮುಂದುವರಿಯಲು ಬಿಟ್ಟರು. ಇನ್ನೊಮ್ಮೆ ತಡೆದರೆ ಪಟ್ಟ ಕೈತಪ್ಪುತ್ತದೆಂದು ಹ್ಯಾಗ್ಲರ್‌ಗೆ ತಿಳಿದಿತ್ತು. ಅದೇ ರೌಂಡು ಮುಗಿಯುವ ಮೊದಲು ಓಡಿಬಂದು ಬಲಗೈಯಿಂದ ಹೊಡೆದು ಹರ್ನ್ಸ್ ಅವರನ್ನು ಕೆಡವಿದರು. ಹೆದರಿಕೆಯ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಕೆಲವು ಕ್ಷಣಗಳು.

ಬಂಗಾರಪೇಟೆ ಚಿಕ್ಕಪ್ಪ:
ಆ ಎರಡು ಸಾಲುಗಳಿದ್ದ ಸಂದೇಶವನ್ನು ಅಳಿಸಿದ್ದೇನೆ. ಹರ್ನ್ಸ್ ಪಂದ್ಯದ ವಿಡಿಯೊ ಇದ್ದರೆ ನೀನೇ ಇಲ್ಲಿ ಹಾಕು, ರಾತ್ರಿ ಊಟವಾದ ಮೇಲೆ ನೋಡುತ್ತೇನೆ.

ಮಾಲೂರು ಭಾವ:
ಹ್ಯಾಗ್ಲರ್ ಹೆದರಿದರು ಎಂದು ನಾನೂ ಹೇಳುವುದಿಲ್ಲ. ಆದರೆ 1987ರಲ್ಲಿ ಲೆನಾರ್ಡ್ ಗೆದ್ದರು ಎಂಬ ಮಾತನ್ನು ಬಿಡುವುದೂ ಇಲ್ಲ. ಒಂಬತ್ತನೆಯ ರೌಂಡಿನಲ್ಲಿ ಮೂಲೆಗೆ ಸಿಕ್ಕಿಬಿದ್ದವರು ಹೇಗೆ ಹೊಡೆದುಕೊಂಡು ಹೊರಬಂದರೆಂದು ನೋಡು.

ನಾನು:
ನೋಡಿದ್ದೇನೆ, ಭಾವ. ಅದು ಇಡೀ ಪಂದ್ಯದಲ್ಲೇ ಶ್ರೇಷ್ಠವಾದ ರೌಂಡು. ಆದರೆ ಮೂಲೆಗೆ ತಳ್ಳಿದವರು ಹ್ಯಾಗ್ಲರ್, ಹೆಚ್ಚು ಹೊತ್ತು ಹೊಡೆದವರೂ ಅವರೇ. ನನ್ನ ಲೆಕ್ಕದಲ್ಲಿ ಒಂಬತ್ತನೆಯ ರೌಂಡು ಅವರದೇ.