ಮುಂಗಾರಿನ ಹಿತ್ತಲು: ಮೊದಲು ನೀರಿಗೆ ದಾರಿ, ಆಮೇಲೆ ಬೀಜ

ಪ್ರಶ್ನೆ (ಹಾಸನ):
ಸರ್, ನಮಸ್ಕಾರ. ಮನೆ ಹಿಂದೆ ಪೂರ್ವ-ಪಶ್ಚಿಮ 20 ಅಡಿ, ಉತ್ತರ-ದಕ್ಷಿಣ 15 ಅಡಿ ಹಿತ್ತಲಿದೆ. ಕೆಂಪು ಮಣ್ಣು. ಪಶ್ಚಿಮದ ಕಾಂಪೌಂಡಿನಾಚೆ ಪಕ್ಕದವರ ತೆಂಗಿನಮರ. ಹೋದ ವರ್ಷ ಮೊದಲ ಮಳೆ ಬಿದ್ದ ಖುಷಿಗೆ ತಂದಿದ್ದ ಬೀಜವನ್ನೆಲ್ಲ ಒಂದೇ ದಿನ ಹಾಕಿಬಿಟ್ಟೆ. ಬೀನ್ಸ್ ಎಲ್ಲ ಒಟ್ಟಿಗೆ ಬಂತು, ಬೀದಿಗೆಲ್ಲ ಹಂಚಿದೆ, ಮೂರು ವಾರ ಕಳೆದ ಮೇಲೆ ಮತ್ತೆ ಅಂಗಡಿಯಿಂದಲೇ ತಂದೆವು. ಟೊಮ್ಯಾಟೊ ಚೆನ್ನಾಗಿ ಬೆಳೆದು ಕಾಯಿ ಕಚ್ಚಿತ್ತು. ಮಣ್ಣು ಹಸಿ ಇದ್ದರೂ ಗಿಡಗಳು ಒಂದಾದ ಮೇಲೊಂದು ಎರಡೆರಡು ದಿನದಲ್ಲಿ ಜೋತು ಬಿದ್ದವು, ಹನ್ನೊಂದೂ ಹೋದವು. ಹೀರೆಬಳ್ಳಿ ತುಂಬ ಹೂ, ಸಿಕ್ಕಿದ್ದು ಮೂರೇ ಕಾಯಿ. ಈಗ ಕೃತ್ತಿಕಾ ಮಳೆ ಹನಿಯುತ್ತಿದೆ. ಮನೆಯಲ್ಲಿ ನಾಲ್ಕು ಜನ. ಈ ಸಲ ಮೊದಲೇ ಯೋಚನೆ ಮಾಡಿ ಹಾಕೋಣ ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ನಿವೃತ್ತ ತೋಟಗಾರಿಕೆ ಅಧಿಕಾರಿ):
ನಮಸ್ಕಾರ ಮೇಡಂ. ಹನ್ನೊಂದು ಗಿಡ ಕಣ್ಣೆದುರೇ ಹೋಗುವ ಸಂಕಟ ನನಗೆ ಗೊತ್ತು. ಇಷ್ಟು ವಿವರವಾಗಿ ಬರೆದಿದ್ದೀರಿ, ಅದರಿಂದ ಉತ್ತರ ಹೇಳುವುದು ಸುಲಭವಾಯಿತು.

ಬೀಜದ ಪೊಟ್ಟಣ ಈಗಲೇ ತೆರೆಯಬೇಡಿ. ಮುಂಗಾರಿನಲ್ಲಿ ತರಕಾರಿ ಗಿಡ ಸಾಯುವುದು ನೀರು ಸಾಲದೆ ಅಲ್ಲ, ನೀರು ನಿಂತು. ಹಿತ್ತಲಿನ ತಗ್ಗು ಜಾಗದಲ್ಲಿ ಒಂದಡಿ ಆಳದ ಗುಂಡಿ ತೆಗೆದು ನೀರು ತುಂಬಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿ ನೋಡಿ. ಎರಡನೇ ಸಲದ ನೀರು ಅರ್ಧ ದಿನವಾದರೂ ಇಂಗದಿದ್ದರೆ ಮಡಿಗಳನ್ನು ಒಂದಡಿ ಏರಿಸಬೇಕು. ಬೇಗ ಇಂಗಿದರೆ ಮುಕ್ಕಾಲಡಿ ಸಾಕು. ಮಳೆ ನೀರು ಹಿತ್ತಲಿನಿಂದ ಯಾವ ಮೂಲೆಗೆ ಹರಿದು ಹೋಗಬೇಕು ಅನ್ನುವುದನ್ನು ಈ ಕೃತ್ತಿಕಾ ಮಳೆಯಲ್ಲೇ ಕೊಡೆ ಹಿಡಿದು ನಿಂತು ನೋಡಿಕೊಳ್ಳಿ. ಆ ಕಡೆಗೆ ಒಂದು ಕಾಲುವೆ ತೋಡಿ.

ನಿಮ್ಮ ಅಳತೆಗೆ ನಾಲ್ಕು ಮಡಿ ಸರಿಯಾಗಿ ಕೂರುತ್ತವೆ. ಒಂದೊಂದೂ ಮೂರೂವರೆ ಅಡಿ ಅಗಲ, 11 ಅಡಿ ಉದ್ದ, ಉತ್ತರ-ದಕ್ಷಿಣವಾಗಿ. ಮಡಿಗೊಂದರಂತೆ ಒಂದೂವರೆ ಅಡಿ ಓಡಾಟದ ಜಾಗ. ಅಗಲ ಇದಕ್ಕಿಂತ ಹೆಚ್ಚಾದರೆ ನಡುವಿನ ಕಳೆ ಕೀಳಲು ಮಡಿ ಮೇಲೇ ಕಾಲಿಡಬೇಕಾಗುತ್ತದೆ, ತುಳಿದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ. ಉತ್ತರದ ಗೋಡೆ ಬದಿಗೆ ಉಳಿಯುವ ನಾಲ್ಕಡಿಯಲ್ಲಿ ಒಂದಡಿ ಕಾಲುವೆಗೆ, ಮೂರಡಿ ಚಪ್ಪರಕ್ಕೆ.

ಚಪ್ಪರ ಉತ್ತರಕ್ಕೇ ಯಾಕೆ ಅಂತ ಕೇಳಬಹುದು. ಹಾಸನದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ ಇರುತ್ತಾನೆ. ಹಾಗಾಗಿ ಜೂನ್‌ನಲ್ಲಿ ಆರಡಿ ಚಪ್ಪರದ ನೆರಳು ಮಧ್ಯಾಹ್ನ ದಕ್ಷಿಣಕ್ಕೆ ಒಂದಡಿಯಷ್ಟು ಬೀಳುತ್ತದೆ, ಅದರಿಂದ ತೊಂದರೆಯಿಲ್ಲ. ಆದರೆ ಡಿಸೆಂಬರಿನಲ್ಲಿ ಅದೇ ಚಪ್ಪರದ ನೆರಳು ಉತ್ತರಕ್ಕೆ ನಾಲ್ಕಡಿಗೂ ಮೀರಿ ಚಾಚುತ್ತದೆ. ಚಪ್ಪರ ದಕ್ಷಿಣಕ್ಕಿದ್ದರೆ ಚಳಿಗಾಲದ ಬೆಳೆಗೆ ಬಿಸಿಲೇ ಸಿಗುವುದಿಲ್ಲ.

ತೆಂಗಿನಮರದ ನೆರಳು ಬೀಳುವ ಪಶ್ಚಿಮದ ಮಡಿ ಸೊಪ್ಪಿಗೆ. ದಂಟು, ಪಾಲಕ್, ಸಬ್ಬಸಿಗೆ ನಾಲ್ಕು ಗಂಟೆ ಬಿಸಿಲಿಗೂ ಹೊಂದಿಕೊಳ್ಳುತ್ತವೆ. ಬೆಂಡೆ, ಬದನೆ, ಮೆಣಸಿನಕಾಯಿಗೆ ಆರು ಗಂಟೆಯಾದರೂ ಬೇಕು. ಮಡಿಯೊಂದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಂಟು-ಒಂಬತ್ತು ಕೆಜಿ, ಬೇವಿನ ಹಿಂಡಿ ಕಾಲು ಕೆಜಿ ಬೆರೆಸಿ ಹತ್ತು ದಿನ ಹಾಗೇ ಬಿಡಿ. ಹಸಿ ಸಗಣಿ ಮಾತ್ರ ಹಾಕಬೇಡಿ, ಬೇರು ತಿನ್ನುವ ಗೊಣ್ಣೆಹುಳವನ್ನು ಕರೆದು ಕೂರಿಸಿದಂತಾಗುತ್ತದೆ.

ಇನ್ನು ಟೊಮ್ಯಾಟೊ. ಮಣ್ಣು ಹಸಿ ಇದ್ದು ಎಲೆ ಹಸಿರಾಗಿರುವಾಗಲೇ ಗಿಡ ಜೋತು ಬಿದ್ದರೆ ಅದು ಬಹುಮಟ್ಟಿಗೆ ಬ್ಯಾಕ್ಟೀರಿಯಾದ ಸೊರಗು ರೋಗ. ಈ ರೋಗಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲವೂ ಒಂದೇ ಕುಟುಂಬದವು, ಎಲ್ಲಕ್ಕೂ ಅಂಟುತ್ತದೆ. ಹೋದ ವರ್ಷ ಟೊಮ್ಯಾಟೊ ಇದ್ದ ಜಾಗಕ್ಕೆ ಮೂರು ವರ್ಷ ಇವು ಯಾವುವೂ ಬೇಡ. ಅಲ್ಲಿ ಮುಸುಕಿನ ಜೋಳ, ಬೀನ್ಸ್, ಸೊಪ್ಪು ಬೆಳೆಯಿರಿ. ಈ ವರ್ಷ ಟೊಮ್ಯಾಟೊ ನಾಲ್ಕೇ ಗಿಡ, ಹೊರಗಿನಿಂದ ತಂದ ಹೊಸ ಮಣ್ಣು ತುಂಬಿದ ದೊಡ್ಡ ಚೀಲಗಳಲ್ಲಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಈ ಸೊರಗು ರೋಗವನ್ನೂ ಎಲೆ ಮುದುಡು ರೋಗವನ್ನೂ ತಡೆದುಕೊಳ್ಳುವ ಹೈಬ್ರಿಡ್. ಅದರ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ, ಪ್ರತಿ ಸಲ ಹೊಸ ಬೀಜ ತರಬೇಕು. ಸಸಿ ಮಾಡುವುದು ಆಗಸ್ಟಿನಲ್ಲಿ, ನಾಟಿ ಸೆಪ್ಟೆಂಬರಿನಲ್ಲಿ. ಜೂನ್-ಜುಲೈನ ಜಡಿಮಳೆಗೆ ಟೊಮ್ಯಾಟೊ ಎಲೆ ಕಪ್ಪು ಚುಕ್ಕೆಯಾಗಿ ಉದುರುವುದನ್ನು ಎಷ್ಟು ವರ್ಷ ನೋಡಿದ್ದೇನೋ. ಆ ತಿಂಗಳುಗಳಲ್ಲಿ ಹಾಕಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಬೀನ್ಸ್ ಲೆಕ್ಕ ಹೀಗೆ. ಗಿಡ ಬೀನ್ಸ್, ಅಂದರೆ ಅರ್ಕಾ ಕೋಮಲ್ ತರಹದ್ದು, ಬಿತ್ತಿದ ಸುಮಾರು 50 ದಿನಕ್ಕೆ ಕೊಯ್ಲಿಗೆ ಬಂದು ಮೂರು ವಾರದಲ್ಲಿ ಮುಗಿಯುತ್ತದೆ. ಮಡಿಯಲ್ಲಿ ಮೂರು ಸಾಲು ಮಾಡಿ. ಒಂದು ಸಾಲು ರೋಹಿಣಿ ಮಳೆಗೆ, ಇನ್ನೊಂದು ಹದಿನೈದು ದಿನ ಬಿಟ್ಟು ಮೃಗಶಿರಾಕ್ಕೆ, ಮೂರನೆಯದು ಆರಿದ್ರಾಕ್ಕೆ. ಆರಿಂಚಿಗೊಂದು ಬೀಜವಾದರೆ ಸಾಲಿಗೆ 22 ಗಿಡ, ನಾಲ್ಕು ಜನಕ್ಕೆ ಧಾರಾಳ. ಮೂಲಂಗಿ, ಮೆಂತ್ಯವನ್ನೂ ಹೀಗೇ ಕಂತಿನಲ್ಲಿ ಹಾಕಿ. ಬೆಂಡೆ ಹನ್ನೆರಡು ಗಿಡ ಸಾಕು, ಬೀಜ ರಾತ್ರಿ ನೆನೆಸಿ ಹಾಕಿ. ದಿನ ಬಿಟ್ಟು ದಿನ ಕೀಳುತ್ತಿದ್ದರೆ ಅದು ಎರಡು ತಿಂಗಳು ಬಿಡುತ್ತಲೇ ಇರುತ್ತದೆ. ಒಂದು ಕಾಯಿ ಬಲಿಯಲು ಬಿಟ್ಟರೂ ಗಿಡದ ಶಕ್ತಿ ಬೀಜಕ್ಕೆ ಹೋಗುತ್ತದೆ.

ಹೀರೆಗೆ ನಿಮ್ಮ ಕೈಯ ಸಹಾಯ ಬೇಕು. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂ, ಗೊಂಚಲಾಗಿ. ಹೆಣ್ಣು ಹೂವಿನ ಹಿಂದೆ ಸಣ್ಣ ಹೀರೆಕಾಯಿಯೇ ಇರುತ್ತದೆ, ಗುರುತು ಸುಲಭ. ಹೀರೆ ಹೂ ಅರಳುವುದು ಸಂಜೆ. ಬೆಳಿಗ್ಗೆ ಬರುವ ಜೇನಿಗೆ ಅದು ಸರಿಯಾಗಿ ಸಿಗುವುದಿಲ್ಲ, ಮಳೆ ಇದ್ದರಂತೂ ಜೇನೇ ಹೊರಡುವುದಿಲ್ಲ. ಸಂಜೆ ಆರರ ಹೊತ್ತಿಗೆ ಗಂಡು ಹೂ ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಮಕ್ಕಳಿದ್ದರೆ ಅವರಿಗೇ ಈ ಕೆಲಸ ಕೊಡಿ, ಒಂದು ದಿನವೂ ಮರೆಯುವುದಿಲ್ಲ. ಹಾಗಲದ ಹೂ ಮಾತ್ರ ಬೆಳಿಗ್ಗೆ ಅರಳುತ್ತದೆ. ಚಪ್ಪರಕ್ಕೆ ಎರಡು ಹೀರೆ, ಎರಡು ಹಾಗಲ, ಒಂದು ಪಡುವಲ ಬಳ್ಳಿ ಸಾಕು.

ಪ್ರಶ್ನೆ (ಬೆಂಗಳೂರು):
ಸರ್, ನಮ್ಮದು ತಾರಸಿ. 40 ಗ್ರೋ ಬ್ಯಾಗ್ ಇಡಬೇಕು ಅಂತ ಆಸೆ. ಮನೆಯವರು ತಾರಸಿಗೆ ಭಾರ ಆಗುತ್ತೆ ಅಂತಾರೆ.

ಉತ್ತರ:
ಅವರು ಹೇಳುವುದರಲ್ಲಿ ಅರ್ಥವಿದೆ ಮೇಡಂ. ಒಂದು ಘನ ಅಡಿ ಒದ್ದೆ ಮಣ್ಣು 45 ಕೆಜಿ ಆಸುಪಾಸು ತೂಗುತ್ತದೆ. ಒಂದು ಘನ ಅಡಿಯ 40 ಚೀಲಕ್ಕೆ ಬರೀ ಮಣ್ಣು ತುಂಬಿದರೆ ಮಳೆ ದಿನ ಒಂದೂವರೆ ಟನ್ನಿಗೂ ಮಿಕ್ಕಿ ಭಾರ. ಒಂದು ಪಾಲು ಮಣ್ಣು, ಒಂದು ಪಾಲು ತೊಳೆದ ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ ಸೇರಿಸಿದರೆ ಸಾಕಷ್ಟು ಇಳಿಯುತ್ತದೆ. ಚೀಲಗಳನ್ನು ನಡುವೆ ಗುಂಪಾಗಿ ಇಡದೆ ಕೆಳಗೆ ಗೋಡೆ, ಬೀಮ್ ಇರುವ ಅಂಚುಗಳ ಉದ್ದಕ್ಕೆ ಇಡಿ, ಇಟ್ಟಿಗೆ ಮೇಲೆ. ಹಳೆಯ ಮನೆಯಾದರೆ ಎಂಜಿನಿಯರಿಗೆ ತೋರಿಸದೆ ಇಡಬೇಡಿ. ಮೊದಲ ವರ್ಷ 15 ಚೀಲದಿಂದ ಶುರು ಮಾಡಿ. ಮಳೆಗೆ ಚೀಲದ ಸಾರ ತೊಳೆದು ಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಕೊಡುತ್ತಿರಿ.

ಪ್ರಶ್ನೆ (ಉಡುಪಿ):
ಸರ್, ನಮ್ಮಲ್ಲಿ ಜೂನ್ ಮಳೆಗೆ ಬೀಜವೇ ಕೊಚ್ಚಿಕೊಂಡು ಹೋಗ್ತದೆ. ಹಾಸನದವರಿಗೆ ಹೇಳಿದ್ದು ನಮಗೂ ಆಗ್ತದಾ?

ಉತ್ತರ:
ಆಗುವುದಿಲ್ಲ, ನಿಮ್ಮ ಕಡೆ ಕ್ರಮವೇ ಬೇರೆ. ಬಿತ್ತನೆ ಮೇ ಕೊನೆಯೊಳಗೆ ಮುಗಿದಿರಬೇಕು. ದೊಡ್ಡ ಮಳೆ ಹಿಡಿಯುವಾಗ ಸಸಿ ಬೇರೂರಿ ನಾಲ್ಕೈದು ಎಲೆ ಬಿಟ್ಟಿರಬೇಕು. ಬೆಂಡೆ, ಮುಳ್ಳುಸೌತೆ, ಹೀರೆ, ಅಲಸಂಡೆ, ಹರಿವೆ, ಬಸಳೆ ನಿಮ್ಮ ಮಳೆಗೆ ಒಗ್ಗಿದವು. ನಿಮ್ಮ ಹಿರಿಯರ ಸುಡುಮಣ್ಣು ಬಿಡಬೇಡಿ. ತರಗೆಲೆ ಸೇರಿಸಿ ಸುಟ್ಟ ಮಣ್ಣಿನಲ್ಲಿ ಕಳೆಬೀಜವೂ ರೋಗವೂ ಕಡಿಮೆ, ಬೂದಿಯಿಂದ ಪೊಟ್ಯಾಷ್ ಸಿಗುತ್ತದೆ. ಆಫ್ರಿಕನ್ ಬಸವನಹುಳ ಇದ್ದರೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಅಲ್ಲಿ ಸೇರಿದ್ದನ್ನು ಕೈಗವಸು ಹಾಕಿ ಹೆಕ್ಕಿ ಉಪ್ಪುನೀರಿಗೆ ಹಾಕಿ. ಗುಳ್ಳಕ್ಕೆ, ಅಂದರೆ ನಿಮ್ಮ ಕಡೆಯ ಗುಂಡು ಬದನೆಗೆ, ಈಗಲೇ ಅವಸರ ಬೇಡ, ಮಟ್ಟು ಗುಳ್ಳ ಬೆಳೆಯುವವರು ನಾಟಿ ಮಾಡುವುದೂ ಮಳೆ ಇಳಿದ ಮೇಲೆಯೇ.

ಪ್ರಶ್ನೆ (ಮಂಡ್ಯ):
ಅಣ್ಣ, ಹೋದ ವರ್ಷ ಜೂನ್ ಮೊದಲಲ್ಲೇ ಅವರೆ ಹಾಕಿದ್ದೆ. ಬಳ್ಳಿ ಮನೆ ಮೇಲೆ ಹತ್ತಿತು, ಅಕ್ಟೋಬರ್‌ವರೆಗೆ ಹೂವೇ ಇಲ್ಲ. ಗೊಬ್ಬರ ಜಾಸ್ತಿ ಆಯ್ತಾ?

ಉತ್ತರ:
ಗೊಬ್ಬರದ ತಪ್ಪಲ್ಲ ತಮ್ಮ. ನಾಡ ಅವರೆಗೆ ಹಗಲು ಚಿಕ್ಕದಾಗಬೇಕು, ಆಮೇಲೇ ಹೂ. ಯಾವಾಗ ಹಾಕಿದರೂ ಅದು ಚಳಿಗಾಲಕ್ಕೇ ಕಾಯುತ್ತದೆ. ಜುಲೈ ಕೊನೆ, ಆಗಸ್ಟಿನಲ್ಲಿ ಹಾಕಿ, ಅಷ್ಟು ದಿನ ಆ ಜಾಗದಲ್ಲಿ ಒಂದು ಬೆಳೆ ಸೊಪ್ಪು ತೆಗೆಯಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಗಲಿನ ಲೆಕ್ಕವಿಲ್ಲ, ವರ್ಷದಲ್ಲಿ ಯಾವಾಗ ಹಾಕಿದರೂ ಕಾಯಿ ಕೊಡುತ್ತವೆ. ಆದರೂ ಸೊಗಡಿನ ವಿಷಯಕ್ಕೆ ಬಂದರೆ ನನಗೆ ಚಳಿಗಾಲದ ನಾಡ ಅವರೆಯೇ ಬೇಕು.

ಮತ್ತೆ ಹಾಸನದವರು:
ಸರ್, ನೀವು ಹೇಳಿದಂತೆ ನಾಲ್ಕು ಮಡಿಗೆ ದಾರ ಕಟ್ಟಿ ಗುರುತು ಹಾಕಿದ್ದೇವೆ. ಪೂರ್ವದ ಮಡಿ ಜಾಗದಲ್ಲಿ ಹಳೆಯ ಬದನೆ ಗಿಡ ಒಂದಿತ್ತು, ನಿನ್ನೆಯಿಂದ ಅದೂ ಬಾಡುತ್ತಿದೆ. ಅದೇ ರೋಗವಾ ಅಂತ ತಿಳಿಯುವುದು ಹೇಗೆ?

ಉತ್ತರ:
ಬುಡದ ಹತ್ತಿರ ಕಾಂಡವನ್ನು ನಾಲ್ಕಿಂಚು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿಗೆ ತುದಿ ಮುಳುಗುವಂತೆ ಅಲುಗಾಡದ ಹಾಗೆ ಹಿಡಿಯಿರಿ. ಐದು ನಿಮಿಷದೊಳಗೆ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂಥದ್ದು ಕೆಳಗೆ ಇಳಿದರೆ ಅದೇ ರೋಗ.

ಹಾಸನದವರು:
ಇಳಿಯಿತು ಸರ್. ಬಿಳಿ ದಾರದ ಹಾಗೆ.

ಉತ್ತರ:
ಹಾಗಾದರೆ ಇವತ್ತೇ ಗಿಡವನ್ನು ಬೇರು, ಬುಡದ ಮಣ್ಣಿನ ಸಮೇತ ಎತ್ತಿ. ಗೊಬ್ಬರದ ಗುಂಡಿಗೆ ಹಾಕಬೇಡಿ, ಒಣಗಿಸಿ ಸುಟ್ಟುಬಿಡಿ. ಗಿಡ ಎತ್ತಿದ ಗುಂಡಿಗೆ ಒಂದು ಬೊಗಸೆ ಸುಣ್ಣದ ಪುಡಿ ಹಾಕಿ ಮುಚ್ಚಿ. ಆ ಮಡಿಗೆ ಈ ಮುಂಗಾರಿಗೆ ಮುಸುಕಿನ ಜೋಳ ಬಿತ್ತಿ. ಮೆಣಸಿನ ಗಿಡವನ್ನೂ ಟೊಮ್ಯಾಟೊ ಜೊತೆ ಚೀಲಕ್ಕೇ ಹಾಕಿ. ಆ ಮಡಿಯ ನೀರು ಉಳಿದ ಮೂರರ ಕಡೆ ಹರಿಯದ ಹಾಗೆ ಕಾಲುವೆಯನ್ನು ಪೂರ್ವದ ಮೂಲೆಗೇ ತಿರುಗಿಸಿ. ಗುದ್ದಲಿ, ಕುಡುಗೋಲು, ಚಪ್ಪಲಿ ಮೂರನ್ನೂ ತೊಳೆದು ಬಿಸಿಲಿಗೆ ಒಣಗಿಸಿದ ಮೇಲೆಯೇ ಬೇರೆ ಮಡಿಗೆ ಕೈ ಹಾಕಿ.