ಕೊಡಗಿನ ‘ಜಮ್ಮಾ’ವನ್ನು ‘ಪೂರ್ಣ ಒಡೆತನ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಮಡಿಕೇರಿ ಕಡೆಯ ಒಂದು ಹೋಂಸ್ಟೇ ಕರಾರನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಜಾಗದ ವಿವರದಲ್ಲಿ ‘ಜಮ್ಮಾ ಬಾಣೆ’ ಅಂತ ಇದೆ, ಅದು ಕೊಡಗಿನ ಒಂದು ಹಳೆಯ ಬಗೆಯ ಜಮೀನು ಹಿಡುವಳಿ. ಮುಂದಿನ ಸಾಲಿನಲ್ಲಿ ಅದನ್ನೇ ‘ಫ್ರೀಹೋಲ್ಡ್’ ಅಂದಿದ್ದಾರೆ. ಅದಕ್ಕೆ ‘ಪೂರ್ಣ ಒಡೆತನ’ ಅಂತ ಬರೆದುಬಿಡಬಹುದು, ಆದರೆ ನನಗೆ ಅದು ಸರಿ ಕಾಣುತ್ತಿಲ್ಲ.

‘ಜಮ್ಮಾ’ ಅನ್ನುವುದು ‘ಜನ್ಮ’ದಿಂದ ಬಂದ ಮಾತು. ಹುಟ್ಟಿನಿಂದ ಬಂದ ಹಕ್ಕು ಅಂತ ಅರ್ಥ. ಪಕ್ಕದ ಮಲಬಾರಿನ ‘ಜನ್ಮಂ’ ಕೂಡ ಇದೇ ಬೇರಿನದು. ಅಲ್ಲಿ ಜನ್ಮಿ ಅಂದರೆ ಜಮೀನಿನ ಪೂರ್ತಿ ಒಡೆಯ. ಕೊಡಗಿನಲ್ಲಿ ಹಾಗಲ್ಲ. ಹಾಲೇರಿ ಅರಸರ ಕಾಲದಲ್ಲಿ ಜಮ್ಮಾ ಗದ್ದೆ ಹಿಡಿದ ಒಕ್ಕದವರು (ಒಕ್ಕ ಅಂದರೆ ಒಂದೇ ಮನೆತನದ ಕೂಡುಕುಟುಂಬ) ಅರಸ ಕರೆದಾಗ ಆಯುಧ ಹಿಡಿದು ಹೋಗಬೇಕಿತ್ತು. ಅದಕ್ಕೆ ಪ್ರತಿಯಾಗಿ ‘ಸಾಗು’ ಅನ್ನುವ ಮಾಮೂಲಿ ಹಿಡುವಳಿಯ ಅರ್ಧದಷ್ಟೇ ಕಂದಾಯ. ಮಾರುವ ಹಾಗಿರಲಿಲ್ಲ, ಅಡ ಇಡುವ ಹಾಗಿರಲಿಲ್ಲ. ಇವತ್ತಿಗೂ ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವುದು ಇದೇ ಹಳೆಯ ನಂಟಿನಿಂದ. ಹೀಗಿರುವಾಗ ಅದು ‘ಒಡೆತನ’ ಅನ್ನುವುದಕ್ಕಿಂತ ‘ಹಿಡುವಳಿ’ಗೇ ಹತ್ತಿರ ಅಲ್ವಾ?

ಬಾಣೆಯದು ಇನ್ನೂ ತೊಡಕು. ಅದು ಗದ್ದೆಗೆ ಸೇರಿಕೊಂಡ ಕಾಡುಗುಡ್ಡ. ಸೌದೆ, ಗೊಬ್ಬರದ ಸೊಪ್ಪು, ದನ ಮೇಯಿಸಲು ಅಂತ ಕೊಟ್ಟದ್ದು, ಕಂದಾಯವೂ ಇರಲಿಲ್ಲ. ಆಮೇಲೆ ಅಲ್ಲಿ ಕಾಫಿ ಬಂತು, ಈಗ ಕಾಟೇಜು ಬಂದಿದೆ. ಜಾಗದ ಹಕ್ಕು ಬೇರೆ, ಮರದ ಹಕ್ಕು ಬೇರೆ. ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದರೆ ‘ರಿಡೀಮ್ಡ್’, ಇಲ್ಲದಿದ್ದರೆ ‘ಅನ್‌ರಿಡೀಮ್ಡ್’. ಈ ಎರಡು ಮಾತಿಗೆ ನನಗೆ ಒಪ್ಪುವ ಕನ್ನಡ ಸಿಕ್ಕಿಲ್ಲ. ‘ವಿಮೋಚಿತ’ ಅಂದರೆ ಜೈಲಿನಿಂದ ಬಿಟ್ಟ ಹಾಗೆ ಕೇಳುತ್ತದೆ! 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು ಜಮ್ಮಾ ಬಾಣೆಯವರನ್ನೂ ಉಳಿದ ಹಿಡುವಳಿದಾರರ ಸಾಲಿಗೆ ಸೇರಿಸಿದರು, ನಿಜ. ಆದರೂ ಪಹಣಿಯಲ್ಲಿ ಪಟ್ಟೇದಾರರ (ಒಕ್ಕದ ಹಿರಿಯರ) ಜೊತೆ ಇಡೀ ಒಕ್ಕದವರ ಹೆಸರು ಇರುವ ಜಾಗಕ್ಕೆ ಒಬ್ಬರನ್ನೇ ‘ಮಾಲೀಕರು’ ಅಂತ ಬರೆಯಲು ಕೈ ಬರುವುದಿಲ್ಲ. ಹಾಗಾಗಿ ‘ಜಮ್ಮಾ ಬಾಣೆ’ಯನ್ನು ಹಾಗೇ ಬಿಟ್ಟು, ‘ಫ್ರೀಹೋಲ್ಡ್’ ಇರುವ ಸಾಲಿನ ಬಗ್ಗೆ ಕರಾರು ಬರೆದವರನ್ನೇ ಕೇಳೋಣ ಅಂದುಕೊಂಡಿದ್ದೇನೆ.

ಇನ್ನೊಂದು, ‘ಲೀಸ್’. ‘ಗೇಣಿ’ ಆಗದು, ಅದು ಬೇಸಾಯದ ಜಮೀನಿನ ಮಾತು, 1974ರ ಭೂಸುಧಾರಣೆಯ ನೆನಪು ತರುತ್ತದೆ. ‘ಭೋಗ್ಯ’ ಅಂದರೆ ಬೆಂಗಳೂರಿನವರು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಇರುವುದು ಅಂದುಕೊಳ್ಳುತ್ತಾರೆ. ‘ಗುತ್ತಿಗೆ’ ಅಂತ ಹಾಕಿದ್ದೇನೆ. ‘ಝೋನಿಂಗ್’ಗೆ ‘ವಲಯೀಕರಣ’ ಅನ್ನಲು ಮನಸ್ಸಿಲ್ಲ. ಜನ ಸುಮ್ನೆ ‘ಯೆಲ್ಲೋ ಝೋನಾ (ವಾಸದ ಜಾಗವಾ), ಗ್ರೀನ್ ಝೋನಾ (ಬೇಸಾಯದ ಜಾಗವಾ)’ ಅಂತಲೇ ಕೇಳುತ್ತಾರೆ. ‘ಕನ್ವರ್ಷನ್’ಗೆ ‘ಭೂಪರಿವರ್ತನೆ’ ಸಾಕು. ಅದೇ ಅರ್ಥದ ‘ಅನ್ಯಕ್ರಾಂತ’ ಕಚೇರಿಯ ಕಾಗದದಲ್ಲೇ ಇರಲಿ.

ಕೊನೆಯದು ‘ಹೋಂಸ್ಟೇ’. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಯೋಜನೆಯಲ್ಲಿ ಒಂದರಿಂದ ಆರು ಕೋಣೆ, ಮನೆಯವರು ಅಲ್ಲೇ ವಾಸ ಇರಬೇಕು ಅಂತ ಇದೆ. ಈ ಕರಾರಿನಲ್ಲಿ ಮನೆಯವರು ಊರಲ್ಲೇ ಇಲ್ಲ, ಇಡೀ ಮನೆಯನ್ನು ಬೇರೆಯವರಿಗೆ ಗುತ್ತಿಗೆಗೆ ಕೊಟ್ಟಿದ್ದಾರೆ. ನನ್ನ ಲೆಕ್ಕದಲ್ಲಿ ಅದು ಲಾಡ್ಜು. ಕೊಡಗಿನವರು, ಸಕಲೇಶಪುರ, ಚಿಕ್ಕಮಗಳೂರು ಕಡೆಯವರು ಇಂಥದ್ದಕ್ಕೆ ಬೇರೆ ಹೆಸರು ಬಳಸುತ್ತೀರಾ? ಬಂದು ಉಳಿಯುವವರನ್ನು ಕರಾರಿನಲ್ಲಿ ‘ಅತಿಥಿ’ ಅನ್ನಲೋ, ‘ಬಾಡಿಗೆದಾರ’ ಅನ್ನಲೋ? ‘ಬಾಡಿಗೆದಾರ’ ಅಂದರೆ ಕಾನೂನಿನಲ್ಲಿ ಬೇರೆಯೇ ಹಕ್ಕು ಬರುತ್ತದೆ, ಅದಕ್ಕೇ ಕೇಳುತ್ತಿದ್ದೇನೆ.